ಸೋರಲು ಬಿಟ್ಟ ಗೋಡೆ

"ಆ ಗೋಡೆ ಮುಟ್ಬೇಡಿ ರೈಟ್ರೇ. ಸೋರ್ಲಿ ಬುಡಿ," ಎಂದಳು ಭದ್ರಮ್ಮ. ಕಸ ಗುಡಿಸಲು ಬಂದವಳು ಬಚ್ಚಲುಮನೆಯ ಹೊಸ್ತಿಲಾಚೆಗೇ ನಿಂತಿದ್ದಳು.

ರೇವಂತ್ ಹಾನುಬಾಳಿನ ಕಾಫಿ ಎಸ್ಟೇಟಿಗೆ ಲೆಕ್ಕ ಬರೆಯುವ ರೈಟರಾಗಿ ಬಂದು, ಈ ಮನೆ ಸೇರಿ ಎಂಟೇ ದಿನ. ಅಪ್ಪ ಹಾಸನದಲ್ಲಿ ನಲ್ಲಿ ರಿಪೇರಿ ಮಾಡಿಯೇ ಮಗನನ್ನು ಓದಿಸಿದವನು. ಗೋಡೆಯಲ್ಲಿ ಅಂಗೈಯಗಲ ತೇವ ಕಂಡರೆ ಒಳಗೆ ಪೈಪು ಸೋರುತ್ತಿದೆಯೆಂದು ತಿಳಿಯಲು ಅವನಿಗೆ ಮಂತ್ರವಾದಿ ಬೇಕಿರಲಿಲ್ಲ. ನಲ್ಲಿ ಗೊರಗೊರ ಎನ್ನುತ್ತಿತ್ತು. ನೀರಿನ ಧಾರೆ ಸಣ್ಣಗಾಗಿತ್ತು. ಸುಣ್ಣ ಹಕ್ಕಳೆ ಎದ್ದ ಕಡೆಯಿಂದ ಕೊಳೆತ ಕಾಫಿಸಿಪ್ಪೆಯ ನಾತ ಬರುತ್ತಿತ್ತು. ಈಗಲೇ ನೋಡದಿದ್ದರೆ ಮಳೆಗಾಲಕ್ಕೆ ಗೋಡೆಯೇ ಕುಸಿದೀತು.

"ಇದೇ ಮನೇಲಿದ್ದ ಹಿಂದಿನ ರೈಟ್ರ ಹೆಂಡ್ತಿಗೆ ಯಾರೋ ಮಾಟ ಮಾಡ್ಸಿ ನೀರಿನ ಪೈಪಿಗೆ ಇಳ್ಸಿದ್ರು ಕಣಪ್ಪ. ತೆಗ್ಯಕ್ಕಾಗ್ದೆ ಮಂತ್ರ ಹಾಕೋ ಸಿದ್ದಯ್ಯ ತೂತು ಕೊರೆದ್ರು, ತೊಟ್ಟು ತೊಟ್ಟಾಗಿ ಆಚೆಗೆ ಹೋಗ್ಲಿ ಅಂತ. ಅದಕ್ಕಿರೋ ದಾರಿ ಅದೊಂದೇ. ಮನೇಲಿ ತುಂಬು ಬಸುರಿ ಅವ್ಳೆ, ನೋಡ್ಕಳಿ."

"ಮಾಟಕ್ಕೂ ವಾಷರ್ ಬೇಕೇನಮ್ಮ?" ರೇವಂತ್ ನಕ್ಕುಬಿಟ್ಟ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ರಿಪೇರಿ ಬಾರದವರಿಗೆ ಮಾಟದ ನೆಪ!

ಗೋಡೆ ಕೆತ್ತಿದರೆ ಪೈಪಿನಲ್ಲಿ ನಿಜಕ್ಕೂ ದುಂಡನೆಯ ತೂತು. ಸುತ್ತ ಕುಂಕುಮದ ಕಲೆ. ಆದರೂ ಆ ತುಂಡು ಕತ್ತರಿಸಿ, ಹೊಸದು ಕೂರಿಸಿ, ಮೇಲೆ ಸಿಮೆಂಟು ಮೆತ್ತಿದ.

ಮೂರನೆಯ ದಿನಕ್ಕೆ ಗೋಡೆ ಒಣಗಿತು. ಹೆಂಡತಿ ಧನುಶ್ರೀಯ ಕಾಲುಗಳು ಊದಿದವು. ಬಸುರಿಯರಿಗೆ ಇದ್ದದ್ದೇ ಎಂದುಕೊಂಡ. ಮಧ್ಯಾಹ್ನ ಅವಳ ಬೆನ್ನಿನ ಮೇಲೆ ಅಂಗೈಯಗಲ ತಣ್ಣನೆಯ ತೇವ. ಒರೆಸಿದ. ಮತ್ತೆ ಒಸರಿತು. ಅದೇ ನಾತ. ಎದೆಗೆ ಕಿವಿಯಿಟ್ಟ. ಒಳಗೆ ಗೊರಗೊರ. ಆಸ್ಪತ್ರೆಗೆ ಜೀಪು ಕರೆಯಲು ಹೊರಟವನ ಕೈಯನ್ನು ಅವಳು ಬಿಡಲಿಲ್ಲ.

"ರೀ, ಒಳಗೆ ನೀರು ತುಂಬ್ತಿದೆ... ಮಗು ಮುಳುಗ್ತಿದೆ ಕಣ್ರೀ."

ಕೈ ಬಿಡಿಸಿಕೊಂಡ. ಸುತ್ತಿಗೆ ಹಿಡಿದು ಓಡಿದ. ಸಿಮೆಂಟು ಒಡೆದ. ಪೈಪು ಒಡೆದ. ಕಪ್ಪು ನೀರು ಮುಖಕ್ಕೆ ಚಿಮ್ಮಿತು. ಕೂದಲು ಬಂತು. ಎಳೆದ. ಮಾರುದ್ದ ಬಂತು. ಇನ್ನೂ ಬಂತು. ಕೊನೆಗೆ ತಿಳಿನೀರು.

ಕೋಣೆಯಲ್ಲಿ ಧನುಶ್ರೀ ದೀರ್ಘವಾಗಿ ಉಸಿರೆಳೆದುಕೊಂಡಳು. ಬದುಕಿದಳು! ರೇವಂತ್ ಅವಳ ಕಾಲ ಬಳಿ ಕುಸಿದು ಮಗುವಿನಂತೆ ಅತ್ತ. ಸದ್ದು ಕೇಳಿ ಓಡಿಬಂದ ಭದ್ರಮ್ಮ ಅವಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಕೂಸು ಒದೀತಿಲ್ಲ ರೈಟ್ರೇ," ಎಂದಳು.