ಸಿಪ್ಪೆಯಲ್ಲೇ ಉಳಿದ ಖಾರ

"ರೀ... ಕೈ ತೊಳ್ಕೋಬೇಕಿತ್ತು, ನೀರು ಎಲ್ಲಿದೆ?"

ಹಿತ್ತಲ ಬಾಗಿಲಲ್ಲಿ ಗಂಡಸಿನ ದನಿ ಕೇಳಿ ಮೇಘಶ್ರೀ ಗಕ್ಕನೆ ತಿರುಗಿದಳು. ತಿರುಗಿದ್ದೇ ತಪ್ಪಾಯಿತು. ಬಟ್ಟಲಲ್ಲಿದ್ದ ಒಣ ಮೆಣಸಿನಕಾಯಿ ತರಿ ಪೂರ್ತಿ ಬಾಣಲೆಗೆ ಬಿತ್ತು. ಕಾದ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಅದರ ಮೇಲೆ ಅಷ್ಟೂ ಮೆಣಸಿನಕಾಯಿ... ಘಾಟು ಎದ್ದಿತು ನೋಡಿ, ಒಳಗಿದ್ದವಳೂ ಹೊರಗಿದ್ದವನೂ ಒಟ್ಟೊಟ್ಟಿಗೆ ಕೆಮ್ಮತೊಡಗಿದರು.

ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡು ನೋಡುತ್ತಾಳೆ, ಫೋಟೋದಲ್ಲಿದ್ದ ಮುಖ! ಇವತ್ತು ಅವಳನ್ನು ನೋಡೋಕೆ ಬರಬೇಕಿದ್ದ ಗಂಡು, ಜಾವಗಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರೋ ಇಂದ್ರೇಶ್. ದಾರಿಯಲ್ಲಿ ಕಾರು ಪಂಕ್ಚರ್ ಆಗಿ, ಸ್ಟೆಪ್ನಿ ಹಾಕಿ, ಎರಡೂ ಕೈ ಮಸಿ ಮಾಡಿಕೊಂಡಿದ್ದ. ತಾಯಿಯನ್ನು ಮುಂಬಾಗಿಲಲ್ಲಿ ಇಳಿಸಿ ತಾನು ಹಿತ್ತಲಿಗೆ ಬಂದಿದ್ದ.

ಇವಳೋ, ಹಳೇ ಚೂಡಿದಾರ, ಗಂಟು ಹಾಕಿದ ಕೂದಲು, ಮೂಗಿನ ಮೇಲೆ ಎಣ್ಣೆ.

'ಅಯ್ಯೋ ಶಿವನೇ, ಸೀರೆ ಉಟ್ಟ ಮೇಲೆ ಬರಬಾರದಿತ್ತಾ? ಆದ್ರೂ... ಇಷ್ಟು ಚೆನ್ನಾಗಿ ನಗ್ತಾನೆ ಅಂತ ಫೋಟೋದಲ್ಲಿ ಗೊತ್ತೇ ಆಗ್ಲಿಲ್ವಲ್ಲ...'

"ಏನ್ರೀ ಮಾಡ್ತಿದೀರಾ? ಬೀದಿ ತುದಿಗೇ ಘಮ ಬಂತು."

"ಎಡಮಾಮೆ."

"ಎಡ... ಏನು?"

"ಹಸಿ ಸೋಯಾ ಅವರೆಕಾಯಿ ಕಣ್ರೀ. ಜಪಾನಿನಲ್ಲಿ ಊಟಕ್ಕೆ ಮುಂಚೆ ತಿಂತಾರಂತೆ. ಮೊಬೈಲಲ್ಲಿ ನೋಡಿ ಕಲಿತೆ. ಗಂಡಸಿ ಊರಿನ ಜವರಣ್ಣನ ಹೊಲದಿಂದ ಕಾಡಿ ಬೇಡಿ ಕಿತ್ಕೊಂಡು ಬಂದಿದೀನಿ."

"ಹೆಣ್ಣು ನೋಡೋಕೆ ಬಂದೋರಿಗೆ ಉಪ್ಪಿಟ್ಟು, ಕೇಸರಿಬಾತ್ ಇಲ್ವಾ?"

ಮೇಘಶ್ರೀಯ ಮುಖ ಬಿಗಿಯಿತು.

"ಇದುವರೆಗೆ ಬಂದೋರಿಗೆಲ್ಲ ಅದೇ ಕೊಟ್ವಿ. ಚೆನ್ನಾಗಿದೆ, ಚೆನ್ನಾಗಿದೆ ಅಂತ ಮತ್ತೆ ಮತ್ತೆ ಹಾಕಿಸ್ಕೊಂಡು ತಿಂದ್ರು. ಆಮೇಲೆ ಬ್ರೋಕರ್ ಕೈಲಿ ಬೇಡ ಅಂತ ಹೇಳಿಕಳಿಸಿದ್ರು. ಅದಕ್ಕೇ ಈ ಸಲ ನನಗಿಷ್ಟ ಆಗಿದ್ದು ಮಾಡ್ತಿದೀನಿ. ನೀವು ತಿಂದು ನಿಜ ಹೇಳ್ಬೇಕು. ಹಿಡಿಸಲಿಲ್ಲ ಅಂದ್ರೆ ಮುಖಕ್ಕೇ ಹೇಳಿಬಿಡಿ."

ಇಂದ್ರೇಶ್ ಅವಳನ್ನೇ ನೋಡಿದ. ನಗು ಹೋಗಿ ಬೇರೇನೋ ಬಂತು ಆ ಕಣ್ಣಲ್ಲಿ.

"ಖಂಡಿತ ಹೇಳ್ತೀನಿ. ಬೇಕಿದ್ರೆ ಈಗ್ಲೇ ಒಂದು ಕೊಡಿ." ಮಸಿ ಮೆತ್ತಿದ ಕೈ ತೋರಿಸಿದ. "ಬಾಯಿಗೇ ಹಾಕ್ಬೇಕಾಗುತ್ತೆ, ಅಷ್ಟೇ."

ಮೇಘಶ್ರೀಯ ಕಿವಿ ಕೆಂಪಾಯಿತು. "ನಲ್ಲಿ ಆ ಕಡೆ ಇದೆ," ಅಂತ ಸೌಟಿನಲ್ಲೇ ತೋರಿಸಿದಳು.

ಒಂದೇ ಒಂದು ಕಾಯಿ ಆಗಲೇ ಕೊಟ್ಟಿದ್ದರೆ ಮುಂದಿನ ಫಜೀತಿ ಆಗ್ತಾನೇ ಇರಲಿಲ್ಲ. ನಾಚಿಕೆ ಬಿಡಬೇಕಲ್ಲ?

ಅವನು ಅತ್ತ ಹೋದದ್ದೇ ತಡ, ಉಪ್ಪು ನೀರಲ್ಲಿ ಬೆಂದ ಕಾಯಿಗಳನ್ನು ಬಾಣಲೆಗೆ ಸುರಿದಳು. ಚೂರು ಬೆಲ್ಲ, ನಿಂಬೆರಸ, ಹುರಿದ ಎಳ್ಳು. ಹಸಿರು ಕಾಯಿಯ ಮೈಯೆಲ್ಲ ಕೆಂಪು ಮಸಾಲೆ ಹತ್ತಿ ಪಳಪಳ ಅಂದಿತು. ಅಷ್ಟರಲ್ಲಿ ತಾಯಿ ದ್ರಾಕ್ಷಾಯಣಿ ಓಡಿಬಂದರು.

"ದನಕ್ಕೆ ಹಾಕೋ ಕಾಯಿನ ಬೀಗರ ಮುಂದೆ ಇಡ್ತಾಳಂತೆ ಇವ್ಳು! ಹೋಗೇ, ಸೀರೆ ಉಟ್ಕೋ. ಅಲ್ಲಿ ಜಾಸ್ತಿ ಬಾಯಿ ಬಿಚ್ಚಬೇಡ. ಕೇಳಿದ್ದಕ್ಕಷ್ಟೇ ಉತ್ತರ ಕೊಡು."

ನಡುಮನೆಯಲ್ಲಿ ತಟ್ಟೆ ಇಟ್ಟು, ನಮಸ್ಕಾರ ಮಾಡಿ, ಚಾಪೆಯ ತುದಿಗೆ ಕೂತಳು ಮೇಘಶ್ರೀ. ತಲೆ ಎತ್ತುವ ಧೈರ್ಯವೇ ಇಲ್ಲ. 'ಹಿಡಿಸಲಿ... ದೇವರೇ, ಇವನಿಗೆ ಹಿಡಿಸಲಿ...' ಅದೊಂದೇ ಜಪ.

"ಓ, ತೊಗರಿಕಾಯಿ ಬೇಯಿಸ್ದಂಗಲ್ವಾ," ಅಂದರು ಇಂದ್ರೇಶನ ತಾಯಿ ಉಷಾರಾಣಿ.

ಆಮೇಲೆ ಒಂದಿಷ್ಟು ಹೊತ್ತು ಬರೀ ಕಾಯಿ ಬಿಡಿಸೋ ಸದ್ದು.

"ಹೆಂಗೈತೆ?" ಕೇಳಿದರು ಅವಳ ತಂದೆ, ಕೊಬ್ಬರಿ ವ್ಯಾಪಾರದ ಗಂಗಾಧರಯ್ಯ.

"ಚೆನ್ನಾಗಿದೆ," ಅಂದರು ಉಷಾರಾಣಿ.

ಇಂದ್ರೇಶ್ ಗಂಟಲು ಸರಿಮಾಡಿಕೊಂಡ. "ನಿಜ ಹೇಳ್ಬೇಕು ಅಂದ್ರೆ... ಸಪ್ಪೆ."

ಸಪ್ಪೆ!

ಅದೇ ಮಸಾಲೆಯ ಘಾಟಿಗೆ ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮಿದವನು, ಈಗ ಸಪ್ಪೆ ಅಂತಾನಾ? 'ಅಂದ್ರೆ ನಾನು ಬೇಡ. ಅದನ್ನ ಹೇಳೋಕೆ ಇವನಿಗೆ ಬ್ರೋಕರ್ ಬೇಡ, ಎಡಮಾಮೆ ಸಾಕು.' ಎದ್ದು ಒಳಗೆ ನಡೆದಳು.

ಹಿಂದೆಯೇ ಬಂದ ಅಪ್ಪ ಮೆಲ್ಲಗೆ ಕೇಳಿದರು, "ಏನಮ್ಮ, ಹುಡುಗ ಒಪ್ಪಿಗೆನಾ?"

"ನನಗಿಷ್ಟ ಇಲ್ಲ!"

ಅಂದದ್ದು ಜೋರಾಯಿತು. ನಡುಮನೆಗೆ ಸ್ಪಷ್ಟವಾಗಿ ಕೇಳಿತು. ಆಮೇಲೆ ಕುರ್ಚಿ ಸರಿದ ಸದ್ದು, "ಬರ್ತೀವಿ" ಅನ್ನುವ ಸಣ್ಣ ದನಿ, ಕಾರು ಹೊರಟ ಸದ್ದು. ಮುಗಿಯಿತು.

ಅಳು ನುಂಗಿಕೊಂಡು ಮೇಘಶ್ರೀ ತಟ್ಟೆ ಎತ್ತಲು ಬಂದಳು. ಇಂದ್ರೇಶನ ತಟ್ಟೆಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಸಪ್ಪೆ ಅಂದವನು ಎಲ್ಲಾ ತಿಂದಿದ್ದ! ಪಕ್ಕದಲ್ಲಿ ಬರೀ ಸಿಪ್ಪೆಯ ಗುಡ್ಡೆ. ಆ ಸಿಪ್ಪೆಯ ಮೇಲೆ...

ಮೆಣಸಿನಕಾಯಿ ತರಿ, ಬೆಳ್ಳುಳ್ಳಿ, ಎಳ್ಳು, ಬೆಲ್ಲ, ಎಲ್ಲಾ ಹಾಗೇ ಅಂಟಿಕೊಂಡಿತ್ತು.

ಅವಳು ತಟ್ಟೆ ಹಿಡಿದು ನಿಂತೇಬಿಟ್ಟಳು. ತೊಗರಿಕಾಯಿ ತಿನ್ನೋ ಹಾಗೆ ಉಗುರಲ್ಲಿ ಬಿಡಿಸಿ, ಖಾರವನ್ನೆಲ್ಲ ಬಿಸಾಕಿ, ಒಳಗಿನ ಕಾಳಷ್ಟೇ ತಿಂದಿದ್ದಾರೆ! ಬಾಯಿಗಿಟ್ಟು ಹಲ್ಲಲ್ಲಿ ಎಳೀಬೇಕು ಅಂತ ಅವರಿಗೇನು ಗೊತ್ತು? ಹೇಳಬೇಕಾದವಳು ತಲೆ ತಗ್ಗಿಸಿ ಕೂತಿದ್ದಳಲ್ಲ.

'ಅವನು ನಿಜಾನೇ ಹೇಳಿದ. ನಾನು ಕೇಳಿದ್ದೂ ಅದನ್ನೇ. ಇಷ್ಟು ದಿನದಲ್ಲಿ ಮುಖಕ್ಕೆ ನಿಜ ಹೇಳಿದವನು ಇವನೊಬ್ಬ... ಅವನನ್ನೇ ಓಡಿಸಿದ್ನಲ್ಲ!'

"ಅಪ್ಪಾ, ಸ್ಕೂಟರ್ ಕೀ!"

"ಸೀರೇಲಿ ಎಲ್ಲಿಗೇ?" ಅಂತ ದ್ರಾಕ್ಷಾಯಣಿ ಕೂಗುವಷ್ಟರಲ್ಲಿ, ಬಾಣಲೆಯಲ್ಲಿ ಉಳಿದದ್ದರಲ್ಲಿ ಒಂದಿಷ್ಟು ಸ್ಟೀಲ್ ಡಬ್ಬಿಗೆ ತುಂಬಿ, ಸೆರಗು ಸಿಕ್ಕಿಸಿ, ಅವಳು ಬೀದಿ ತಿರುವು ದಾಟಿಯಾಗಿತ್ತು. ಅರಸೀಕೆರೆಯ ಬೀದಿಗಳಲ್ಲಿ ರೇಷ್ಮೆ ಸೀರೆಯ ಹುಡುಗಿ ಸ್ಕೂಟರ್ ಓಡಿಸೋ ಸ್ಪೀಡು ನೋಡಿ ಎಳನೀರು ಮಾರುವವರು ಕತ್ತಿ ಎತ್ತಿದ ಕೈಯಲ್ಲೇ ನಿಂತರು.

ಊರಾಚೆ ರೈಲ್ವೆ ಗೇಟು ಹಾಕಿತ್ತು. ಸಾಲಿನಲ್ಲಿ ಅವರ ಬಿಳಿ ಕಾರು!

ಅವಳು ಸ್ಕೂಟರ್ ನಿಲ್ಲಿಸಿ ಓಡಿಹೋಗಿ ಕಿಟಕಿ ತಟ್ಟಿದಳು. ಗಾಜು ಇಳಿಯಿತು. ಇಂದ್ರೇಶನ ಮುಖ ಸಣ್ಣಗಾಗಿತ್ತು.

"ಬೇಡ ಅಂದ್ರಲ್ಲ?" ಕೇಳಿದ.

"ನೀವು ಸಪ್ಪೆ ಅಂದ್ರಲ್ಲ?"

"ನಿಜ ಹೇಳು ಅಂದಿದ್ದು ನೀವೇ. ಸಪ್ಪೆ ಅನ್ನಿಸ್ತು, ಹೇಳ್ದೆ. ಆದ್ರೂ ಪೂರ್ತಿ ತಿಂದೆ. ಯಾಕೆ ಅಂತ ನೀವು ಕೇಳಲೇ ಇಲ್ಲ."

"ಯಾಕೆ?"

"ಹಿತ್ತಲಲ್ಲಿ ನಿಮ್ಮನ್ನ ನೋಡಿದಾಗ್ಲೇ ನನ್ನ ಕಡೆಯಿಂದ ಎಲ್ಲಾ ಮುಗಿದಿತ್ತು ಕಣ್ರೀ. ಮಿಕ್ಕಿದ್ದೆಲ್ಲ ಶಾಸ್ತ್ರಕ್ಕೆ."

ಉಷಾರಾಣಿ ಮಗನನ್ನೂ ನೋಡಿದರು, ಅವಳನ್ನೂ ನೋಡಿದರು. "ನಾನು ರೈಲು ನೋಡ್ತಿರ್ತೀನಿ," ಅಂತ ಮುಖ ಆಚೆ ತಿರುಗಿಸಿದರು. ರೈಲು ಇನ್ನೂ ಬಂದೇ ಇರಲಿಲ್ಲ.

ಮೇಘಶ್ರೀ ಡಬ್ಬಿಯ ಮುಚ್ಚಳ ತೆಗೆದಳು. ಇಂದ್ರೇಶ್ ಕೈ ಚಾಚಿದ.

"ಕೈ ಬೇಡ. ಬಾಯಿ ತೆಗೀರಿ," ಅಂದಳು. "ಸಿಪ್ಪೆ ಸಮೇತ ಇಟ್ಕೊಂಡು ಹಲ್ಲಲ್ಲಿ ಎಳೀರಿ. ಖಾರ ಇರೋದೇ ಸಿಪ್ಪೆ ಮೇಲೆ."

ಅವನು ಎಳೆದ. ಉಪ್ಪು, ಹುಳಿ, ಸಿಹಿ, ಅದರ ಹಿಂದೆಯೇ ಮೆಣಸಿನಕಾಯಿಯ ಖಾರ ನಾಲಿಗೆಗೆ ಹತ್ತಿತು. ಕಣ್ಣು ತುಂಬಿಕೊಂಡಿತು. ಅಷ್ಟರಲ್ಲಿ ಗೂಡ್ಸ್ ಗಾಡಿ ಧಡಧಡ ಅಂತ ಬಂತು. ಏನೂ ಕೇಳಿಸದ ಆ ಸದ್ದಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೇ ಇದ್ದರು.

ಗಾಡಿ ದಾಟಿತು.

"ಈಗ ಹೇಳಿ," ಅಂದಳು. "ನಿಜಾನೇ ಹೇಳ್ಬೇಕು."

"ಇಂಥ ಖಾರ ನಾನು ಹುಟ್ಟಿದಾಗಿಂದ ತಿಂದಿಲ್ಲ. ದಿನಾ ಮಾಡಿಕೊಟ್ರೂ ತಿಂತೀನಿ."

"ನಾನೂ ನಿಜ ಹೇಳ್ಬೇಕು," ಅಂದಳು ಮೇಘಶ್ರೀ. "ಆಗ ಇಷ್ಟ ಇಲ್ಲ ಅಂದಿದ್ದು ಸುಳ್ಳು. ನೀವಂದ್ರೆ ನನಗಿಷ್ಟ... ತುಂಬಾ."

ಗೇಟು ಮೇಲೇರಿತು. ಹಿಂದಿನ ಬಸ್ಸು ಬಾಯಿ ಬಡಿದುಕೊಂಡಿತು.

"ಕಾರು ಎತ್ತೋ ಮಾರಾಯ," ಅಂದರು ಉಷಾರಾಣಿ. "ನಿಮ್ ಮನೇಲಿ ಇನ್ನೂ ಉಳಿದಿದ್ಯೇನಮ್ಮ? ನಾನೂ ಬಿಡಿಸ್ಕೊಂಡೇ ತಿಂದಿದ್ದು."

"ಬಾಣಲೇಲಿ ಇದೆ, ಅತ್ತೆ."

ಅತ್ತೆ ಅಂದದ್ದು ಬಾಯಿಂದ ಬಿದ್ದ ಮೇಲೆ ಅವಳಿಗೇ ಗೊತ್ತಾಗಿ ನಾಲಿಗೆ ಕಚ್ಚಿಕೊಂಡಳು. ಇಂದ್ರೇಶ್ ಜೋರಾಗಿ ನಕ್ಕು, ಗೇಟಿನ ಮುಂದೆಯೇ ಕಾರನ್ನು ಅರಸೀಕೆರೆ ಕಡೆಗೆ ತಿರುಗಿಸಿದ. ಅವಳ ಪಕ್ಕಕ್ಕೆ ಬಂದು ನಿಲ್ಲಿಸಿ ತಲೆ ಹೊರಗೆ ಹಾಕಿದ.

"ಹೊರಡೋ ಮುಂಚೆ ಇನ್ನೊಂದು ಕೊಡಿ."

"ಈಗ ಕೈಯಲ್ಲಿ ಮಸಿ ಇಲ್ವಲ್ಲ, ತಗೊಳ್ಳಿ."

"ಎರಡೂ ಕೈ ಸ್ಟೇರಿಂಗ್ ಮೇಲಿದೆ ಕಣ್ರೀ."

ಮೇಘಶ್ರೀ ಈ ಸಲ ನಾಚಲಿಲ್ಲ. ಡಬ್ಬಿಯಿಂದ ಒಳ್ಳೆ ದಪ್ಪ ಕಾಯಿ ಆರಿಸಿ ಅವನ ಬಾಯಿಗಿಟ್ಟಳು.