ಹುಲ್ಲು ತುಂಬಿದ ಚಕ್ರ

ಬೆಟ್ಟದಾಚೆ ರಸ್ತೆ ಕಡಿಯುವವರ ಬಿಡಾರದಲ್ಲಿ ಒಬ್ಬ ಬಸುರಿಗೆ ಬೆಳಗಿನಿಂದ ನೋವು. ಮಗು ಅಡ್ಡ ಮಲಗಿದೆ. ಕತ್ತಲಾಗುವುದರೊಳಗೆ ಅವಳನ್ನು ಕೆಳಗಿನ ಆಸ್ಪತ್ರೆಗೆ ತರದಿದ್ದರೆ ತಾಯಿ, ಮಗು ಎರಡೂ ಜೀವ ಉಳಿಯುವುದು ಕಷ್ಟ. ಆಸ್ಪತ್ರೆಯ ನರ್ಸಮ್ಮನಿಗೆ ಕರೆ ಬಂತು. ಆ ದಾರಿ ಹತ್ತುವುದು ಅವಳ ಮನೆಯ ಹಳೇ ಜೀಪೊಂದೇ. ಅದನ್ನು ಓಡಿಸಬಲ್ಲವಳು ನರ್ಸಮ್ಮನ ಓರಗಿತ್ತಿ, ಆ ಮನೆಯ ಕಿರಿಸೊಸೆ.

ನರ್ಸಮ್ಮನಿಗೆ ಸಹಿಸಲಾಗದ್ದೇ ಅದು. ಬಂದು ಎರಡು ವರ್ಷವಾಗಿಲ್ಲ, ಅತ್ತೆಯ ಬಾಯಲ್ಲಿ ಸದಾ ಕಿರಿಸೊಸೆಯದೇ ಜಪ.

ಜೀಪು ಕಾಡು ಸೀಳಿಕೊಂಡು ಏರಿತು. ಮರಗಳು ಗಿಡ್ಡವಾದವು, ಆಮೇಲೆ ಇಲ್ಲವಾದವು. ಎದೆಯೆತ್ತರದ ಒಣ ಹುಲ್ಲು, ಎಡಕ್ಕೆ ಬಂಡೆ, ಬಲಕ್ಕೆ ಬರೀ ಗಾಳಿ. ಅರ್ಧ ದಾರಿಯಲ್ಲಿ ಒಂದು ಟೈರು ಪಂಕ್ಚರಾಯಿತು. ಸ್ಟೆಪ್ನಿ ಹಾಕಿ ಬಿಡಾರ ಮುಟ್ಟಿ, ಬಸುರಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟರು.

ಇಳಿಜಾರಿನಲ್ಲಿ ಢಬ್ ಎಂದಿತು.

ಜೀಪು ಪ್ರಪಾತದತ್ತ ತಿರುಗಿತು. "ಹಿಡ್ಕೊಳ್ಳಿ ಅಕ್ಕಾ!" ಕಿರಿಯವಳು ಸ್ಟಿಯರಿಂಗ್ ಎಳೆದಳು. ಕಲ್ಲುಗಳು ಉರುಳಿದವು. ಜೀಪು ಬಂಡೆಗೆ ಒರಗಿ ನಿಂತಿತು.

ಮುಂದಿನ ಟೈರು ಹರಿದಿತ್ತು. ಬೋಳುತಲೆಯ ಹಾಗೆ ನುಣ್ಣಗಿತ್ತು. ಜೀಪಿನ ಟೈರು ಬದಲಿಸಲು ಮನೆಯವರು ಹೊರಟಾಗ, "ಮೊದಲು ನನ್ನ ಕಾರಿಗೆ" ಎಂದು ಹಟ ಹಿಡಿದವಳು ನರ್ಸಮ್ಮನೇ. ಕಾರಿನವು ಇನ್ನೂ ಚೆನ್ನಾಗಿದ್ದವು.

ಕಿರಿಯವಳು ಟೈರು ನೋಡಿದಳು, ಓರಗಿತ್ತಿಯನ್ನು ನೋಡಿದಳು, ಜಾಕ್ ತೆಗೆಯಲು ಹೋದಳು. ಎರಡು ಮಾತು ಬೈದಿದ್ದರೆ ವಾಸಿಯಿತ್ತು. ಒಳ್ಳೆಯತನದಲ್ಲೂ ಇವಳದೇ ಮೇಲುಗೈ!

"ಒಣ ಹುಲ್ಲು ತುಂಬೋಣ," ಎಂದಳು ಕಿರಿಯವಳು. "ನಮ್ಮಪ್ಪ ಲಾರಿಗೆ ಹೀಗೇ ಮಾಡ್ತಿದ್ರು."

ಬಸುರಿಯನ್ನು ನೆರಳಿಗೆ ಇಳಿಸಿದರು. ಜಾಕ್ ಕೊಟ್ಟು ಚಕ್ರ ಬಿಚ್ಚಿ, ಟೈರಿನ ಒಂದು ಅಂಚು ಎಬ್ಬಿಸಿದರು. ಕಿರಿಯವಳು ತುಂಬಿದ ಹುಲ್ಲು ಒತ್ತಿದರೆ ಮೆತ್ತಗೆ ಕುಸಿಯುತ್ತಿತ್ತು.

"ಸರಿ ಆಚೆ. ದಿಂಬು ಮಾಡ್ತಿದ್ದೀಯಾ?"

ರಕ್ತ ಸುರಿಯುವ ಗಾಯಕ್ಕೆ ಬಟ್ಟೆ ತುರುಕಿ ಪಳಗಿದ ಕೈ ನರ್ಸಮ್ಮನದು. ಹುಲ್ಲನ್ನು ಹುರಿ ಮಾಡಿ, ಹೆಬ್ಬೆರಳಿಂದ ಒತ್ತಿ ಒತ್ತಿ ಸುತ್ತಿದಳು. ಹರಿದಲ್ಲಿ ಹಗ್ಗ ಬಿಗಿದಳು. ಉಗುರಲ್ಲಿ ರಕ್ತ ಬಂತು. ಕೊನೆಗೆ ಟೈರು ಕಲ್ಲಿನಂತಾಯಿತು.

ಜೀಪು ಕುಂಟುತ್ತ ಇಳಿಯಿತು. ಸುಟ್ಟ ವಾಸನೆ ಬಂದಾಗಲೆಲ್ಲ ನಿಂತು ಚಕ್ರಕ್ಕೆ ನೀರು ಎರೆದರು. ಸೂರ್ಯ ಮುಳುಗುವ ಹೊತ್ತಿಗೆ ಆಸ್ಪತ್ರೆಯ ಗೇಟು ಕಂಡಿತು.

ಆಪರೇಷನ್ ಕೋಣೆಯ ಬಾಗಿಲಾಚೆ ಮಗು ಅತ್ತಿತು. ತಾಯಿಯೂ ಉಳಿದಳು. ನರ್ಸಮ್ಮ ಗಂಡನಿಗೆ ಫೋನು ಮಾಡಿದಳು: "ನಾಳೆ ಜೀಪಿಗೆ ನಾಲ್ಕೂ ಹೊಸ ಟೈರು. ಯಾಕೆ ಅಂತ ಕೇಳ್ಬೇಡಿ."

ಅಂಗಳದಲ್ಲಿ ಜನ ಜೀಪು ಮುತ್ತಿದ್ದರು. "ಎಂಥ ಗಟ್ಟಿಗಿತ್ತಿ!" ಎಂದು ಕಿರಿಯವಳನ್ನು ಹೊಗಳಿದ್ದೇ ಹೊಗಳಿದ್ದು. ನರ್ಸಮ್ಮನ ಎದೆಯಲ್ಲಿ ಮತ್ತೆ ಚುರುಕ್ ಎಂದಿತು.

ಜನ ಚದುರಿದ ಮೇಲೆ ಕಿರಿಯವಳು ಒಳಗೆ ಹೋಗಿ ಬಂದು ನರ್ಸಮ್ಮ ಕೂತಿದ್ದ ಮೆಟ್ಟಿಲ ಮೇಲೆ ಕುಸಿದಳು. "ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ ಅಕ್ಕಾ."

"ನನ್ನ ಕಂಡ್ರಾ?"

"ದಾರಿಯುದ್ದಕ್ಕೂ ಆ ಬಾಣಂತಿ ನಿಮ್ಮ ಕೈ ಹಿಡಿದೋಳು ಬಿಡ್ಲಿಲ್ಲ. ಈಗ ಎಚ್ಚರವಾಗಿ ನಿಮ್ಮನ್ನೇ ಕೇಳ್ತಿದ್ದಾಳೆ. ನಾನು ಹೋಗಿ ಎದುರಿಗೆ ನಿಂತ್ರೆ, 'ನೀವು ಯಾರಮ್ಮ?' ಅಂತಾಳೆ!"

ನರ್ಸಮ್ಮ ತುಟಿ ಕಚ್ಚಿದಳು. ಆದರೂ ನಗು ತಡೆಯಲಾಗಲಿಲ್ಲ. "ಉರೀಲಿ ಬಿಡೇ," ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. "ಒಂದಿನ ಉರಿದ್ರೆ ಏನಾಗಲ್ಲ."