ಅವನ ನಡಿಗೆ ಅವಳಿಗೆ ಗೊತ್ತಿತ್ತು

ಆ ದಿನ ಲಿಫ್ಟ್ ಕೆಟ್ಟಿತ್ತು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಬ್ಯಾಗು ಹಿಡಿದು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುತ್ತಿದ್ದ ಅವಳು ಎರಡನೇ ಮಹಡಿಯ ತಿರುವಿನಲ್ಲಿ ಗಕ್ಕನೆ ನಿಂತುಬಿಟ್ಟಳು.

ಮುಂದೆ ಒಬ್ಬ ಗಂಡಸು ಹತ್ತುತ್ತಿದ್ದ. ಬೆನ್ನು ಮಾತ್ರ ಕಾಣುತ್ತಿತ್ತು. ಎಡ ಭುಜ ತುಸು ಇಳಿದಿತ್ತು. ಬಲಗಾಲು ಪ್ರತಿ ಹೆಜ್ಜೆಗೂ ಚೂರು ಹೊರಕ್ಕೆ ತಿರುಗಿ ಊರುತ್ತಿತ್ತು.

ಇವನು ನನಗೆ ಗೊತ್ತು... ಎಂದಿತು ಅವಳ ಮನಸ್ಸು.

ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಆದರೆ ಎರಡು ವರ್ಷ, ದಿನಕ್ಕೆ ಎಂಟು ಗಂಟೆ, ಅವಳು ನೋಡಿದ್ದು ಇದೇ ನಡಿಗೆಯನ್ನು.

ನಾಲ್ಕನೇ ಮಹಡಿಯ ಸ್ಟುಡಿಯೊದಲ್ಲಿ ವಿಡಿಯೊ ಗೇಮ್ ತಯಾರಾಗುತ್ತಿತ್ತು. ಬೆಟ್ಟಗಳನ್ನು ದಾಟಿ ಮನೆಮನೆಗೆ ಪತ್ರ ಮುಟ್ಟಿಸುವ ಒಬ್ಬ ಅಂಚೆಯವನ ಆಟ ಅದು. ಬೇರೆ ಊರಿನಲ್ಲಿ ಯಾರೋ ನಟ ಮೈಗಂಟಿದ ಕಪ್ಪು ಉಡುಪಿನ ಮೇಲೆ ಬಿಳಿ ಗುಂಡಿಗಳನ್ನು ಅಂಟಿಸಿಕೊಂಡು ನಡೆಯುತ್ತಿದ್ದ, ಓಡುತ್ತಿದ್ದ, ಬೀಳುತ್ತಿದ್ದ. ಕ್ಯಾಮೆರಾಗಳು ಆ ಚಲನೆಯನ್ನು ಹಿಡಿಯುತ್ತಿದ್ದವು. ಅವಳ ಕಂಪ್ಯೂಟರಿಗೆ ಬರುತ್ತಿದ್ದದ್ದು ಮುಖವಿಲ್ಲದ, ಮೈಯಿಲ್ಲದ ಐವತ್ತು ಚುಕ್ಕಿಗಳು. ಅವನ್ನು ತಿದ್ದಿ ತೀಡಿ ಅಂಚೆಯವನ ಮೈಗೆ ಕೂರಿಸುವುದು ಅನಿಮೇಟರ್ ಆದ ಅವಳ ಕೆಲಸ. ಆಫೀಸಿನಲ್ಲಿ ಅವಳನ್ನು ‘ಹೆಜ್ಜೆ ಮೇಡಂ’ ಎನ್ನುತ್ತಿದ್ದರು.

ಮನೆಯಲ್ಲಿ ಅಮ್ಮ ಬೇರೆಯೇ ಮಾತಾಡುತ್ತಿದ್ದಳು. ಮೂವತ್ತಮೂರು ದಾಟಿದ ಮಗಳು ಊಟಕ್ಕೆ ಕೂತಾಗಲೂ ಆ ಚುಕ್ಕಿಗಳ ಸುದ್ದಿಯನ್ನೇ ಎತ್ತಿದರೆ, ನಲವತ್ತು ವರ್ಷ ನರ್ಸ್ ಆಗಿದ್ದ ಆ ತಾಯಿ, ಹಾಗಾದರೆ ಆ ಚುಕ್ಕಿಗಳನ್ನೇ ಮದುವೆ ಮಾಡಿಕೋ ಎಂದು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು.

ಈಗ ಆ ಚುಕ್ಕಿಗಳು ಮೆಟ್ಟಿಲು ಹತ್ತುತ್ತಿದ್ದವು!

“ಬಲಗಾಲು...” ಎಂದುಬಿಟ್ಟಳು, ತನಗೇ ತಿಳಿಯದೆ.

ಅವನು ತಿರುಗಿದ. ಚೂಪು ಮೂಗು, ದಣಿದ ಕಣ್ಣು. ಅವಳ ಕೊರಳಲ್ಲಿದ್ದ ಗುರುತಿನ ಚೀಟಿ ನೋಡಿ ಎರಡು ಮೆಟ್ಟಿಲು ಕೆಳಗಿಳಿದ.

“ನನ್ನ ಕಾಲನ್ನ ನೆಟ್ಟಗೆ ಮಾಡಿದೋರು ನೀವೇನಾ?”

ಗೇಮಿನ ಮೊದಲ ಭಾಗವನ್ನು ಅವನು ಅಕ್ಕನ ಮನೆಯಲ್ಲಿ ಆಡಿ ನೋಡಿದ್ದನಂತೆ. ಎಲ್ಲ ತನ್ನದೇ, ಕಾಲೊಂದು ಬಿಟ್ಟು. ನಾಯಕನ ಕಾಲು ಸೊಟ್ಟಗಿದ್ದರೆ ಚೆನ್ನಾಗಿರಲ್ಲ ಎಂದು ಮೇಲಿನವರು ಹೇಳಿದ್ದರು ಎಂದು ಅವಳು ತೊದಲಿದಳು.

“ಬೆಟ್ಟ ಹತ್ತಿ ಇಳಿದು ಬದುಕೋನ ಕಾಲು ನೆಟ್ಟಗೆ ಹೇಗಿರತ್ತೆ, ಮೇಡಂ?”

ಅವಳು ಕಿವಿಯವರೆಗೂ ಕೆಂಪಾಗಿ ಅವನನ್ನು ದಾಟಿಕೊಂಡು ಹತ್ತಿಬಿಟ್ಟಳು. ಎದೆ ಮಾತ್ರ ಮೂರು ಮಹಡಿ ಹೆಚ್ಚಿಗೆ ಹತ್ತಿದ ಹಾಗೆ ಹೊಡೆದುಕೊಳ್ಳುತ್ತಿತ್ತು.

ಸ್ಟುಡಿಯೊ ಆಗಷ್ಟೇ ಕೈ ಬದಲಾಗಿತ್ತು. ಮೂವರು ಗೆಳೆಯರು ಒಂದು ಕೋಣೆಯಲ್ಲಿ ಶುರು ಮಾಡಿದ್ದ ಅದನ್ನು ದೊಡ್ಡ ಕಂಪನಿಯೊಂದು ಕೊಂಡಿತ್ತು. ಆ ಮೂವರಲ್ಲಿ ಉಳಿದವರು ಒಬ್ಬರೇ. ಎಲ್ಲರೂ ಬಾಸ್ ಎನ್ನುತ್ತಿದ್ದದ್ದು ಅವರನ್ನೇ. ಹೊಸ ಮಾಲೀಕರು ನೆಲಮಹಡಿಯಲ್ಲಿ ಕ್ಯಾಮೆರಾಗಳ ಹಾಲ್ ಕಟ್ಟಿಸಿ, ಎರಡನೇ ಭಾಗಕ್ಕೆ ಎರಡು ವರ್ಷದ ಕೆಲಸವಿದೆ ಎಂದು ಹೇಳಿ ಆ ನಟನನ್ನು ಇಲ್ಲಿಗೇ ಕರೆಸಿದ್ದರು. ನಟನೆಯ ಜೊತೆಗೆ ಅವನು ಶಾಲೆಯೊಂದರಲ್ಲಿ ವ್ಯಾಯಾಮ ಕಲಿಸುತ್ತಿದ್ದ. ಆ ಕೆಲಸ ಬಿಟ್ಟು ಬಂದು, ಇದೇ ಊರಿನಲ್ಲಿದ್ದ ಅಕ್ಕನ ಮನೆಯಲ್ಲಿ ಇಳಿದುಕೊಂಡಿದ್ದ. ಆಫೀಸಿಗೆಲ್ಲ ಅವನು ‘ಮಾಸ್ತರು’ ಆದ.

ಅವಳಿಗೆ ದಿನಾ ಒಂದು ಅನುಮಾನ ಹುಟ್ಟತೊಡಗಿತು. ಅದನ್ನು ಕೇಳಲು ದಿನಾ ಕೆಳಗಿಳಿಯಬೇಕಾಗುತ್ತಿತ್ತು.

ಅವನ ರೀತಿಯೇ ಬೇರೆ. ಬೆಟ್ಟ ಹತ್ತುವ ದೃಶ್ಯವಿದ್ದರೆ, ಚೀಲದಲ್ಲಿರುವುದು ಯಾರ ಪತ್ರ ಎಂದು ಮೊದಲು ಕೇಳುತ್ತಿದ್ದ. ಮದುವೆಯ ಸುದ್ದಿಗೂ ಸಾವಿನ ಸುದ್ದಿಗೂ ಭಾರ ಬೇರೆ ಎನ್ನುತ್ತಿದ್ದ. ಉಳಿದವರು ನಗುತ್ತಿದ್ದರು. ಅವಳು ಮಾತ್ರ ಪತ್ರ ಹುಟ್ಟಿಸಿ ಹೇಳುತ್ತಿದ್ದಳು. ಮುನಿಸಿಕೊಂಡ ತಂಗಿ ಅಣ್ಣನಿಗೆ ಬರೆದದ್ದು... ಮತ್ತೆ ಕಣ್ಣು ಕಾಣತೊಡಗಿದ ಮುದುಕ ಡಾಕ್ಟರಿಗೆ ಬರೆಸಿದ್ದು... ಅವನು ಕಣ್ಣು ಮುಚ್ಚಿ ಕೇಳಿ, ಎದ್ದು ಹೋಗಿ ನಡೆಯುತ್ತಿದ್ದ. ಅವಳ ಪತ್ರ ಅವನ ಬೆನ್ನಿನಲ್ಲಿ ಕಾಣುತ್ತಿತ್ತು!

ಒಂದು ದೃಶ್ಯದಲ್ಲಿ ಅಂಚೆಯವನು ವರ್ಷಗಳ ಮೇಲೆ ಮನೆಗೆ ಬರುತ್ತಾನೆ. ತಾಯಿ ಹಾಸಿಗೆ ಹಿಡಿದಿದ್ದಾಳೆ. ಪಕ್ಕದಲ್ಲಿ ಕೂರಬೇಕು, ಅಷ್ಟೇ. ಅವನು ಕೂರಲಿಲ್ಲ. ಬಾಗಿ, ಹೊದಿಕೆಯನ್ನು ಪಾದದ ಕಡೆಯಿಂದ ಮೆಲ್ಲಗೆ ಸರಿಪಡಿಸುತ್ತಾ ಬಂದು, ಕೊನೆಗೆ ಅಂಗೈಯಿಂದ ಒಮ್ಮೆ ತಟ್ಟಿದ.

ಅವಳು ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡಳು.

ಆಮೇಲೆ ಟೀ ಕುಡಿಯುವಾಗ ತಾನಾಗಿಯೇ ಹೇಳಿದ. ತೀರಿಕೊಳ್ಳುವ ಮುಂಚೆ ಅವನ ತಾಯಿ ಹನ್ನೊಂದು ತಿಂಗಳು ಮಲಗಿದಲ್ಲೇ ಇದ್ದರಂತೆ.

“ಅಮ್ಮನಿಗೆ ಮೊದಲು ಪಾದ ತಣ್ಣಗಾಗ್ತಿತ್ತು. ಅದಕ್ಕೇ ಈಗ್ಲೂ ಕಾಲಿಂದ ಶುರು ಮಾಡ್ತೀನಿ.”

ಇದು ಇನ್ನು ಬರೀ ಕೆಲಸವಲ್ಲ ಎಂಬುದು ಅವತ್ತು ಅವಳಿಗೆ ಖಚಿತವಾಯಿತು.

ಅದೇ ತಿಂಗಳು ಹೊಸ ಮಾಲೀಕರ ಮುಖ್ಯ ಕಚೇರಿಯಿಂದ ಇಮೇಲ್ ಮೇಲೆ ಇಮೇಲ್ ಬರತೊಡಗಿತು. ಅಂಚೆಯವನು ಸುಮ್ಮನೆ ನಡೆಯುವ ಕಡೆಯಲ್ಲೇ ಜನ ಆಟ ನಿಲ್ಲಿಸುತ್ತಾರೆಂದು ಒಂದು ಗ್ರಾಫ್ ಬಂತು. ಐದು ಬೆಟ್ಟ ಎರಡಾದವು. ಆಟದೊಳಗೊಂದು ಅಂಗಡಿ ಬರಬೇಕಾಯಿತು, ಅಂಗಡಿಯಲ್ಲಿ ದುಡ್ಡು ಕೊಟ್ಟು ತೆರೆಯುವ ಬಹುಮಾನದ ಪೆಟ್ಟಿಗೆ. ಎರಡು ವರ್ಷದಲ್ಲಿ ಆಗಬೇಕಾದದ್ದು ಹತ್ತು ತಿಂಗಳಿಗೆ ಮುಗಿಯಬೇಕು. ಬಾಸ್ ಎದುರು ಸಿಕ್ಕರೆ ಮುಖ ತಪ್ಪಿಸತೊಡಗಿದರು.

ಒಂದು ಬೆಳಿಗ್ಗೆ ಅವಳನ್ನು ಕರೆದು ಬಾಗಿಲು ಹಾಕಿದರು. ಮಾಸ್ತರ ಚಲನೆಯ ತುಣುಕುಗಳು ಸಾವಿರದ ಎಂಟುನೂರು ಇದ್ದವು. ಪ್ರತಿಯೊಂದಕ್ಕೂ ಅವಳು ಹೆಸರು ಕೊಡಬೇಕು: ದಣಿವು, ಸಂತೋಷ, ಹೊರೆ ಹೊತ್ತು ಹತ್ತುವುದು. ಅದನ್ನೆಲ್ಲ ಎಐ ಯಂತ್ರಕ್ಕೆ ಕಲಿಸಿದರೆ ಮುಂದೆ ಬೇಕಾದ ಚಲನೆಯನ್ನು ಅದೇ ಹೆಣೆಯುತ್ತದೆ. ನಟನೂ ಬೇಡ, ಕ್ಯಾಮೆರಾಗಳ ಹಾಲ್ ಕೂಡ ಬೇಡ. ಅವನು ಸಹಿ ಹಾಕಿದ ಕಾಗದದ ಪ್ರಕಾರ ಆ ಚಲನೆಯೆಲ್ಲ ಎಂದೆಂದಿಗೂ ಕಂಪನಿಯದು.

“ಮಾಸ್ತರಿಗೆ ಗೊತ್ತಾ, ಸರ್?”

“ಮೇಲಿನವರು ಹೇಳ್ತಾರೆ. ನೀನು ಹೇಳೋ ಹಾಗಿಲ್ಲಮ್ಮ.”

ಈ ಕೆಲಸ ಮುಗಿಸಿಕೊಟ್ಟರೆ ಅವಳ ಕೈಕೆಳಗಿನ ಇಬ್ಬರೂ ಉಳಿಯುತ್ತಾರೆ ಎಂದರು. ಅವರಲ್ಲಿ ಒಬ್ಬಳು ಏಳು ತಿಂಗಳ ಬಸುರಿ. ಗುಟ್ಟು ಕಾಪಾಡುವೆನೆಂಬ ಕಾಗದಕ್ಕೆ ಅವಳು ಸಹಿ ಹಾಕಿದಳು.

ಬೆಳಿಗ್ಗೆಯೆಲ್ಲ ಅವನ ಮೈಯನ್ನು ತುಂಡು ತುಂಡು ಮಾಡಿ ಚೀಟಿ ಅಂಟಿಸುವುದು. ಮಧ್ಯಾಹ್ನ ಅವನ ಎದುರು ಕೂತು ಟೀ ಕುಡಿಯುವುದು. ಆಫೀಸಿನ ಹತ್ತಿರವೇ ಮನೆ ನೋಡುತ್ತಿದ್ದೇನೆ, ನೀವೂ ಒಮ್ಮೆ ಬಂದು ನೋಡಿ ಎಂದು ಅವನು ಹೇಳಿದ ದಿನ ಅವಳು ಅರ್ಧ ಟೀ ಬಿಟ್ಟು ಎದ್ದಳು.

ನಾಳೆ ಹೇಳ್ತೀನಿ... ನಾಳೆ ಖಂಡಿತ...

ಹಾಗೆ ಮೂರು ತಿಂಗಳು ನಾಳೆಗಳೇ ಕಳೆದವು. ಒಂದು ತುಣುಕಿಗೆ ಮಾತ್ರ ಅವಳು ಹೆಸರು ಕೊಡಲಿಲ್ಲ. ತಾಯಿಯ ಹೊದಿಕೆಯದು. ಅದನ್ನು ಪಟ್ಟಿಯಿಂದ ತೆಗೆದು ಬೇರೆ ಕಡೆ ಇಟ್ಟಳು.

ಒಂದು ಸೋಮವಾರ ಕ್ಯಾಮೆರಾ ಹಾಲ್‌ಗೆ ಬೀಗ ಬಿದ್ದಿತ್ತು. ಅವನ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ಇನ್ನು ಚಲನೆಯನ್ನು ಎಐ ಹೆಣೆಯುತ್ತದೆ, ನಿಮ್ಮ ಕೆಲಸ ಬೇಡ ಎಂದು ಎರಡು ಸಾಲಿನ ಇಮೇಲ್ ಬಂದಿತ್ತಷ್ಟೇ. ವಿಚಾರಿಸಲು ಅವನು ನಾಲ್ಕನೇ ಮಹಡಿಗೆ ಬಂದಾಗ ಕ್ಯಾಂಟೀನಿನ ದೊಡ್ಡ ಪರದೆಯ ಮೇಲೆ ಹೊಸ ಗೇಮಿನ ಟ್ರೇಲರ್ ಓಡುತ್ತಿತ್ತು.

ಅಂಚೆಯವನು ಅಂಗಡಿಗೆ ಬಂದ. ಹೊಸ ಬಟ್ಟೆ ತೊಟ್ಟು ಕುಣಿದ. ಆಮೇಲೆ ಮಿರಿಮಿರಿ ಮಿಂಚುವ ಪೆಟ್ಟಿಗೆಯ ಮುಂದೆ ಬಾಗಿ, ಅದರ ಮೇಲಿನ ಬಟ್ಟೆಯನ್ನು ಒಂದು ಅಂಚಿನಿಂದ ಮೆಲ್ಲಗೆ ಸರಿಸುತ್ತಾ ಬಂದು, ಅಂಗೈಯಿಂದ ಒಮ್ಮೆ ತಟ್ಟಿದ. ಪೆಟ್ಟಿಗೆ ತೆರೆದು ನಾಣ್ಯ ಚಿಮ್ಮಿತು.

ಮುಂದಿನ ಸಾಲಿನಲ್ಲಿ ಮುಖ್ಯ ಕಚೇರಿಯವರಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಅದು ಅಮ್ಮನ ಹೊದಿಕೆ,” ಎಂದ ಅವನು, ಬಾಗಿಲ ಬಳಿ ನಿಂತು. ಅವಳಿಗಷ್ಟೇ ಕೇಳಿಸಿತು.

ಅವಳು ಮೆಟ್ಟಿಲವರೆಗೆ ಅವನ ಹಿಂದೆ ಓಡಿದಳು. ಅವನು ನಿಂತ, ತಿರುಗಲಿಲ್ಲ. ಯಾವತ್ತಿನಿಂದ ಗೊತ್ತಿತ್ತು ಎಂದು ಕೇಳಿದ. ಮೂರು ತಿಂಗಳಿಂದ, ಎಐಗೆ ಹೆಸರಿನ ಪಟ್ಟಿ ಮಾಡಲು ಕೂತಾಗಿನಿಂದ ಎಂದಳು.

“ದಿನಾ ಬಂದು ಕೇಳ್ತಿದ್ರಲ್ಲ, ಇದ್ಯಾಕೆ ಹೀಗೆ, ಅದ್ಯಾಕೆ ಹಾಗೆ ಅಂತ... ಪಟ್ಟಿಗೆ ಬೇಕಿತ್ತು, ಅಲ್ವಾ?”

ಅಲ್ಲ! ಎನ್ನಬೇಕಿತ್ತು. ಆ ತುಣುಕು ನಾನು ಕೊಟ್ಟಿದ್ದಲ್ಲ, ಹೆಸರಿದ್ದದ್ದು ಇಲ್ಲದ್ದು ಎಲ್ಲವನ್ನೂ ಆ ಯಂತ್ರವೇ ಬಾಚಿಕೊಂಡಿದೆ ಎನ್ನಬೇಕಿತ್ತು. ಆದರೆ ಹಾಗಂದರೆ ಮೂರು ತಿಂಗಳ ಮೌನ ಸುಳ್ಳಾಗುತ್ತದೆಯೇ? ಅವನು ಇಳಿದು ಹೋದ.

ಆಮೇಲೆ ಅವಳು ಎಷ್ಟು ಸಲ ಮಾಡಿದರೂ ಅವನು ಫೋನು ಎತ್ತಲಿಲ್ಲ. ಒಂದು ಸಂಜೆ ಅವನ ಅಕ್ಕನ ಮನೆಗೇ ಹೋದಳು. ಅಕ್ಕ ಅರ್ಧ ಬಾಗಿಲು ತೆಗೆದು, ಅವನು ಮನೆಯಲ್ಲಿಲ್ಲ ಎಂದರು. ಅವನ ಚಪ್ಪಲಿ ಹೊಸ್ತಿಲ ಹೊರಗೇ ಇತ್ತು. ಮಗಳ ಊದಿದ ಕಣ್ಣು ನೋಡಿ ಅಮ್ಮ ಕಾರಣ ಬಿಡಿಸಿಕೊಂಡಳು. ತಪ್ಪು ನಿನ್ನದೇ ಎಂದಳು. ಆದರೆ ಮನೆ ಬಾಗಿಲಿಗೆ ಬಂದ ಹೆಣ್ಣನ್ನು ಹಾಗೆ ಕಳಿಸಿದವನ ಮೇಲೆ ಅವಳಿಗೆ ಬಂದ ಸಿಟ್ಟು ಇಳಿಯಲೇ ಇಲ್ಲ.

ಮರುದಿನ ಅವಳು ಬಾಸ್ ಮುಂದೆ ನಿಂತಳು. ಪೆಟ್ಟಿಗೆ ತೆರೆಯುವ ಆ ಚಲನೆ ತೆಗೆಯಬೇಕು ಎಂದಳು. ಬಿಡುಗಡೆಗೆ ಹನ್ನೆರಡು ದಿನವಿದೆ, ಮೇಲಿನವರು ಒಪ್ಪುವುದಿಲ್ಲ ಎಂದರು ಅವರು. ಬದಲಿಗೆ ಬೇರೊಂದು ಮಾಡಿಕೊಟ್ಟರೆ ಎಂದು ಕೇಳಿದಳು. ಅವರು ಕಿಟಕಿಯಾಚೆ ನೋಡುತ್ತಾ, ತಮ್ಮ ಮೊದಲ ಆಟದಲ್ಲಿ ಅಂಗಡಿಯೇ ಇರಲಿಲ್ಲ ಎಂದರು. ಆಮೇಲೆ, ಮಾಡು, ಯಾರಿಗೂ ಹೇಳಬೇಡ ಎಂದರು.

ಯಂತ್ರದ ಸಹಾಯವಿಲ್ಲದೆ, ಒಂದೊಂದು ಚಿತ್ರವನ್ನೂ ಕೈಯಾರೆ ಕೂಡಿಸಿ ಮಾಡಬೇಕು. ಮನೆಯ ಹಳೇ ಟ್ರಂಕನ್ನು ತಾನೇ ತೆರೆದು ಮುಚ್ಚಿ, ಅಮ್ಮನ ಕೈಯಲ್ಲಿ ಫೋನು ಕೊಟ್ಟು ವಿಡಿಯೊ ಮಾಡಿಸಿದಳು. ಆ ಬಾಗಿಲು ಹಾಕಿದವನಿಗೋಸ್ಕರ ನನ್ನ ತೋಳು ಬಿದ್ದುಹೋಗ್ತಿದೆ ಎಂದು ಅಮ್ಮ ಗೊಣಗಿದಳು, ಆದರೂ ಫೋನು ಇಳಿಸಲಿಲ್ಲ. ಒಂಬತ್ತು ದಿನ ಹಿಡಿಯಿತು. ಬಾಸ್ ಅದನ್ನು ಸದ್ದಿಲ್ಲದೆ ಒಳಗೆ ಸೇರಿಸಿದರು.

ಪಟ್ಟಿಯಲ್ಲಿ ಇನ್ನೂ ನಾನೂರು ತುಣುಕು ಬಾಕಿ ಇದ್ದವು. ಅವಕ್ಕೆ ನಾನು ಹೆಸರು ಕೊಡುವುದಿಲ್ಲ ಎಂದು ಅವಳು ಬರೆದು ಕೊಟ್ಟಳು. ವಾರದಲ್ಲಿ ಅವಳ ಕೆಲಸ ಹೋಯಿತು. ಇನ್ನೊಂದು ತಿಂಗಳಿಗೆ ಅವಳ ಕೈಕೆಳಗಿನ ಇಬ್ಬರದೂ. ಬಸುರಿಯಾಗಿದ್ದ ಹುಡುಗಿ ಬಾಣಂತನದ ರಜೆಯಲ್ಲಿದ್ದಾಗ ಅವಳಿಗೆ ಪತ್ರ ಹೋಯಿತು. ಆಟ ಮಾತ್ರ ಚೆನ್ನಾಗಿಯೇ ಮಾರಾಟವಾಯಿತು.

ನಾಲ್ಕು ತಿಂಗಳ ಮೇಲೆ ಅವಳಿಗೊಂದು ಹಂಗಾಮಿ ಕೆಲಸ ಸಿಕ್ಕಿತು, ಕೃತಕ ಕಾಲು ಜೋಡಿಸುವ ಆಸ್ಪತ್ರೆಯಲ್ಲಿ. ಹೊಸ ಕಾಲಿನಲ್ಲಿ ನಡೆಯುವವರನ್ನು ನೋಡಿ, ಭಾರ ಎಲ್ಲಿ ತಪ್ಪುತ್ತಿದೆ ಎಂದು ಡಾಕ್ಟರಿಗೆ ಹೇಳಬೇಕು. ಸಂಬಳ ಅಷ್ಟಕ್ಕಷ್ಟೆ. ಆದರೂ ಮನೆಗೆ ಬಂದರೆ ಅನ್ನ ರುಚಿಸುತ್ತಿತ್ತು.

ಒಂದು ಮಧ್ಯಾಹ್ನ ಹೊರಗಿನ ಬೆಂಚಿನ ಮೇಲೆ ಅವನು ಕೂತಿದ್ದ.

ಸೊರಗಿದ್ದ. ಅವಳನ್ನು ನೋಡಿ ಎದ್ದು ನಿಂತ, ಮತ್ತೆ ಕೂತ. ಅವಳು ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು.

ಹಿಂದಿನ ವಾರ ಬಾಸ್ ಅವನನ್ನು ಹುಡುಕಿಕೊಂಡು ಬಂದಿದ್ದರಂತೆ. ಅವರನ್ನೂ ಕಂಪನಿ ಮನೆಗೆ ಕಳಿಸಿತ್ತು. ಪಟ್ಟಿಯಿಂದ ಅವಳು ಬೇರೆ ಇಟ್ಟದ್ದು, ಆ ಒಂಬತ್ತು ದಿನ, ಬರೆದು ಕೊಟ್ಟ ಪತ್ರ, ಎಲ್ಲ ಹೇಳಿದರಂತೆ.

“ನೀವ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಾನು ಒಳ್ಳೆಯವಳಾಗಿಬಿಡ್ತಿದ್ದೆ. ಮೂರು ತಿಂಗಳು ನಿಮ್ಮ ಎದುರು ಕೂತು ಸುಮ್ಮನಿದ್ದದ್ದು ನಿಜ ತಾನೆ... ಮೊದಲನೇ ದಿನವೇ ಹೇಳಬೇಕಿತ್ತು.”

“ಹೌದು. ಹೇಳಬೇಕಿತ್ತು.”

ಪರವಾಗಿಲ್ಲ ಎನ್ನಲಿಲ್ಲ ಅವನು. ಅದು ಅವಳಿಗೆ ಹಿಡಿಸಿತು.

ಈಗ ಎರಡು ಶಾಲೆಗಳಲ್ಲಿ ಅರ್ಧರ್ಧ ದಿನ ಕಲಿಸುತ್ತಿದ್ದಾನಂತೆ. ಮಕ್ಕಳೆಲ್ಲ ಆ ಆಟದ ಅಂಚೆಯವನ ಹಾಗೆ ಕುಣಿಯುತ್ತಾರಂತೆ. ಮೊನ್ನೆ ಅವನೂ ಜೊತೆಗೆ ಕುಣಿಯಲು ಹೋದನಂತೆ.

“ಸರ್, ನಿಮಗೆ ಸರಿಯಾಗಿ ಬರ್ತಿಲ್ಲ, ನಮ್ಮನ್ನ ನೋಡಿ ಕಲೀರಿ ಅಂದ್ರು.”

ಅವಳಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಅವನೂ ನಕ್ಕ. ಹೋದದ್ದು ಇನ್ನು ವಾಪಸು ಬರುವುದಲ್ಲ. ಅವನ ಕುಣಿತ ಇನ್ನೂ ಎಷ್ಟು ಆಟಗಳಲ್ಲಿ, ಎಷ್ಟು ಬೊಂಬೆಗಳ ಮೈಯಲ್ಲಿ ಓಡಾಡುವುದೋ ಯಾರಿಗೆ ಗೊತ್ತು.

“ಅಕ್ಕನ ಮನೆಗೆ ನೀವು ಬಂದ ದಿನ ನಾನು ಒಳಗೇ ಇದ್ದೆ,” ಎಂದ.

“ಗೊತ್ತು.”

“ತಪ್ಪಾಯ್ತು.”

ಅವಳು ತಲೆಯಾಡಿಸಿದಳು. ನಡುವಿನ ಜಾಗದಲ್ಲಿ ಅವನ ಕೈ ಇತ್ತು. ಅವಳು ಅದನ್ನೇ ನೋಡುತ್ತಿದ್ದಳು.

“ಇನ್ನು ಮೇಲೆ ಏನಿದ್ರೂ ಹೇಳ್ತೀರಾ? ಕೆಟ್ಟ ಸುದ್ದಿ ಇದ್ರೂ?”

“ಹೇಳ್ತೀನಿ. ಒಂದು ಈಗ್ಲೇ ಇದೆ... ನಮ್ಮಮ್ಮನಿಗೆ ನಿಮ್ಮನ್ನ ಕಂಡ್ರೆ ಆಗಲ್ಲ.”

ಅವನು ಗಾಬರಿಯಾದ. ಆಮೇಲೆ ಮೆಲ್ಲಗೆ ಕೇಳಿದ, “ನಿಮಗೆ?”

“ನನಗೆ...” ಈ ಸಲ ಅವಳು ಸುಮ್ಮನಾಗಲಿಲ್ಲ. “ನನಗೆ ನೀವು ಬೇಕು. ಮುಖ ನೋಡೋಕೆ ಮುಂಚೆಯಿಂದಲೂ.”

ಅವನ ಕೈ ಆ ಜಾಗ ದಾಟಿ ಬಂತು. ಬೆರಳು ತಣ್ಣಗಿದ್ದವು.

“ಅಮ್ಮನ್ನ ಒಪ್ಪಿಸೋದು ಕಷ್ಟವಾ?”

“ತುಂಬಾ.”

“ಯಾವಾಗ ಬರಲಿ?”

“ಭಾನುವಾರ ಬಾ,” ಎಂದಳು.

ಬನ್ನಿ ಎನ್ನಲು ಹೋಗಿ ಬಾ ಎಂದದ್ದು ಅವಳಿಗೆ ಗೊತ್ತಾಗುವಷ್ಟರಲ್ಲಿ ಅವನು ಆಗಲೇ ನಗುತ್ತಿದ್ದ.

“ಬರ್ತೀನಿ ಕಣೇ,” ಎಂದ.